ಸೈಡ್‌ವಿಂಗಿನ ಏಟು

ಹತ್ತೊಂಬತ್ತು ವರ್ಷಗಳಿಂದ ಅವಳು ವಾರಕ್ಕೆ ನಾಲ್ಕು ಸಲ ಒಬ್ಬ ಹೆಂಡತಿಯ ಕೆನ್ನೆಗೆ ಬಾರಿಸುತ್ತ ಬಂದಿದ್ದಳು. ಕೈ ಎತ್ತುತ್ತಿದ್ದವನು ಅವಳ ಅಣ್ಣ, ಕೆನ್ನೆ ಇನ್ನೊಬ್ಬಳದು, ಸದ್ದು ಮಾತ್ರ ಇವಳದು. ರಂಗದ ಮೇಲೆ ಗಂಡನ ಪಾತ್ರದಲ್ಲಿದ್ದ ಅಣ್ಣ ಕೈ ಬೀಸಿದಾಗ ಅದು ಕೆನ್ನೆಯಿಂದ ಒಂದು ಗೇಣು ದೂರದಲ್ಲೇ ಹಾದುಹೋಗುತ್ತಿತ್ತು. ಹೆಂಡತಿಯ ಪಾತ್ರದವಳು ಆ ಗಳಿಗೆಗೆ ಸರಿಯಾಗಿ ಮುಖ ತಿರುಗಿಸುತ್ತಿದ್ದಳು. ಸೈಡ್‌ವಿಂಗಿನ ಕಪ್ಪು ಪರದೆಯ ಹಿಂದೆ, ಸಭೆಗೆ ಕಾಣದಂತೆ ನಿಂತ ಇವಳು ಎರಡೂ ಅಂಗೈ ಗುಳಿ ಮಾಡಿಕೊಂಡು ಫಟಾರ್ ಎಂದು ತಟ್ಟುತ್ತಿದ್ದಳು. ಮೂರೂ ಸೇರಿ ಸಭೆಗೆ ಒಂದೇ ಏಟಾಗಿ ಕಾಣುತ್ತಿತ್ತು. ರೆಪ್ಪೆ ಬಡಿಯುವಷ್ಟು ತಡವಾದರೂ ಕೆಟ್ಟಿತು, ಇವಳು ಒಮ್ಮೆಯೂ ತಡಮಾಡಿದವಳಲ್ಲ. ಅದಕ್ಕೇ ನಾಟಕ ಮಂಡಳಿಯಲ್ಲಿ ಎಲ್ಲರೂ ಇವಳನ್ನು ಏಟಮ್ಮ ಎನ್ನುತ್ತಿದ್ದರು. ಹೆಸರಿಟ್ಟವನು ಅಣ್ಣ. ಇಟ್ಟ ದಿನ ಇವಳೂ ನಕ್ಕಿದ್ದಳು.

ಉಳಿದ ಹೊತ್ತೆಲ್ಲ ಬಟ್ಟೆಯ ಕೆಲಸ. ಬೆವರು ಕುಡಿದ ನಿಲುವಂಗಿಗಳನ್ನು ಒಗೆಯುವುದು, ಕಿತ್ತ ಹುಕ್ಕು ಹೊಲಿಯುವುದು, ಇಸ್ತ್ರಿ ಹಾಕುವುದು, ಅತಿಥಿ ಪಾತ್ರದವರ ಹೊಟ್ಟೆ ಬೆಳೆದಂತೆಲ್ಲ ಕೋಟಿನ ಹೊಲಿಗೆ ಬಿಚ್ಚುವುದು. ಗಂಡ ಸತ್ತ ವರ್ಷ ಮೂರು ವರ್ಷದ ಮಗಳನ್ನು ಸೊಂಟದಲ್ಲಿಟ್ಟುಕೊಂಡು ಅಣ್ಣನ ಬಾಗಿಲಿಗೆ ಬಂದವಳು, ನಾಟಕಶಾಲೆಯ ಮಹಡಿ ಮೇಲಿನ ಒಂದು ರೂಮಿನಲ್ಲಿ ಬೇರು ಬಿಟ್ಟಿದ್ದಳು. ಅನ್ನ ಹಾಕಿದ ಕೈ ಎಂದು ಅಣ್ಣನಿಗೆ ಎದುರಾಡಿದವಳಲ್ಲ. ಅಣ್ಣನೂ ಅದನ್ನು ಮರೆಯಲು ಬಿಟ್ಟವನಲ್ಲ.

ನಾಟಕಕ್ಕೆ ನೂರರ ಹತ್ತಿರ ವಯಸ್ಸು. ಬರೆದ ಮಹಾನುಭಾವನ ಪಟ ಟಿಕೆಟ್ ಕಿಟಕಿಯ ಮೇಲೆ ತೂಗುತ್ತಿತ್ತು: ದಪ್ಪ ಮೀಸೆ, ಗಲ್ಲಕ್ಕೆ ಬೆರಳು, ಲೋಕವನ್ನೆಲ್ಲ ತಿದ್ದಿ ಈಗಷ್ಟೇ ಕೂತವನ ಠೀವಿ. ಕತೆ ಇಷ್ಟೇ. ದೊಡ್ಡ ಮನೆಯ ಯಜಮಾನನೊಬ್ಬ ಅತಿಥಿಗಳ ಮುಂದೆ ತಾನು ಒಂಟಿಯಾಗಿ ಹುಲಿ ಹೊಡೆದ ಬಡಾಯಿ ಬಿಡುತ್ತಾನೆ. ಓದು ಬಲ್ಲ ಹೆಂಡತಿ ನಗು ತಡೆಯಲಾರದೆ, ಆ ದಿನ ನಿಮಗೆ ಜ್ವರವಲ್ಲವೇ, ಹಣೆಗೆ ಒದ್ದೆ ಬಟ್ಟೆ ಹಾಕಿದವಳು ನಾನೇ ಅಲ್ಲವೇ, ಎಂದುಬಿಡುತ್ತಾಳೆ. ಅತಿಥಿಗಳು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಅವರು ಎದ್ದುಹೋದ ಮೇಲೆ ಗಂಡ ಅವಳ ಕೆನ್ನೆಗೆ ಬಾರಿಸುತ್ತಾನೆ. ಅವಳು ಮಂಡಿಯೂರಿ, "ನನ್ನ ಓದು ಕಲಿಸದ್ದನ್ನು ನಿಮ್ಮ ಕೈ ಕಲಿಸಿತು, ಸ್ವಾಮೀ" ಎನ್ನುತ್ತಾಳೆ. ಸಭೆ ಎದ್ದು ನಿಲ್ಲುತ್ತದೆ. ಮುಂದೆ ಇನ್ನೂ ಅರ್ಧ ಗಂಟೆ ನಾಟಕವಿದೆ, ಆದರೆ ಅದನ್ನು ನೋಡಲು ಯಾರೂ ಬರುತ್ತಿರಲಿಲ್ಲ. ಹೊಸ ನಾಟಕ ಹಾಕಿದಾಗ ಕುರ್ಚಿಗಳು ಆಕಳಿಸುತ್ತಿದ್ದವು. ಇದನ್ನು ಹಾಕಿದರೆ ತುಂಬುತ್ತಿದ್ದವು. ಕ್ಷೌರದಂಗಡಿಯಲ್ಲಿ ಕೂತ ಗಂಡಸರು ಆ ‘ಕೈ ಕಲಿಸಿತು’ ಮಾತನ್ನು ಗಾದೆಯ ಹಾಗೆ ಹೇಳಿಕೊಂಡು ನಗುತ್ತಿದ್ದರು. ಶಾಲೆಯ ಪುಸ್ತಕದಲ್ಲಿ ಆ ಭಾಗ ಪಾಠವಾಗಿತ್ತು. ಹುಡುಗಿಯರು ಅದನ್ನು ಬಾಯಿಪಾಠ ಮಾಡಿ ಮಾರ್ಕು ತೆಗೆದುಕೊಳ್ಳುತ್ತಿದ್ದರು, ಎಂಥ ದರಿದ್ರ ನೋಡಿ.

ಇಷ್ಟು ವರ್ಷ ಏಟಮ್ಮನಿಗೆ ಇದೆಲ್ಲ ನಾಟಲೇ ಇಲ್ಲವೇ ಎಂದರೆ, ಇಲ್ಲ. ಅವಳು ಹೆಂಡತಿಯ ಮುಖವನ್ನು ನೋಡುತ್ತಲೇ ಇರಲಿಲ್ಲ. ಪರದೆಯ ಸಂದಿಯಿಂದ ಅವಳು ನೋಡುತ್ತಿದ್ದದ್ದು ಅಣ್ಣನ ಮೊಣಕೈಯನ್ನು ಮಾತ್ರ. ಕೈ ಮೋಸ ಮಾಡಬಹುದು, ಮೊಣಕೈ ಮಾಡುವುದಿಲ್ಲ. ಅದು ಹಿಂದಕ್ಕೆ ಹೋಗಿ, ಒಂದು ಕ್ಷಣ ನಿಂತು, ಮುಂದಕ್ಕೆ ಹೊರಟಿತೆಂದರೆ ಇವಳ ಅಂಗೈಗಳೂ ಹೊರಡುತ್ತಿದ್ದವು. ಆಮೇಲೆ ಸಭೆಯ ಚಪ್ಪಾಳೆ. ಅದರಲ್ಲಿ ತನ್ನದೂ ಒಂದು ಪಾಲಿದೆ ಎಂದು ಮೊದಮೊದಲು ಹೆಮ್ಮೆ ಕೂಡ ಪಟ್ಟಿದ್ದಳು.

ಈ ವರ್ಷ ನಾಯಕಿ ಬೇರೆ ಮಂಡಳಿಗೆ ಹಾರಿದಳು, ಆ ಪಾತ್ರ ಏಟಮ್ಮನ ಮಗಳಿಗೆ ಬಂತು. ಮಗಳು ಆರು ವರ್ಷ ಅದೇ ನಾಟಕದಲ್ಲಿ ನೀರಿನ ಹೂಜಿ ಹಿಡಿದು ಬಂದು ಹೋಗುವ ಆಳಿನ ಪಾತ್ರ ಮಾಡಿದವಳು. ಒಂದೇ ಒಂದು ಮಾತಿಲ್ಲದ ಪಾತ್ರ. ಸುದ್ದಿ ಕೇಳಿ ತಾಯಿ ಮಗಳು ಇಬ್ಬರೂ ಇಸ್ತ್ರಿ ಮೇಜಿನ ಸುತ್ತ ಕುಣಿದಾಡಿದರು. ಹೆಂಡತಿಯ ನೀಲಿ ಉಡುಪನ್ನು ತಾಯಿಯೇ ಬಿಚ್ಚಿ, ಮಗಳ ಮೈಗೆ ಹೊಲಿದಳು. ತಾಲೀಮಿನಲ್ಲಿ ಏಟಿನ ಜಾಗ ಬಂದಾಗ ಅಣ್ಣ ಬಾಯಲ್ಲಿ "ಫಟ್" ಎಂದು ಮುಂದೆ ಹೋಗುತ್ತಿದ್ದ. ಹಾಗಾಗಿ ಮೊದಲ ಪ್ರಯೋಗದ ತನಕ ಅವಳಿಗೆ ಏನೂ ಹೊಳೆಯಲಿಲ್ಲ.

ಮೊದಲ ಪ್ರಯೋಗದಲ್ಲಿ ಅವಳ ಕಣ್ಣು ಮೊಣಕೈ ಮೇಲೆ ನಿಲ್ಲಲಿಲ್ಲ. ಮಗಳ ಮುಖದ ಮೇಲೆ ಹೋಯಿತು. ಹೇಗಾದರೂ ತಟ್ಟಿದಳು, ಅಭ್ಯಾಸಬಲ. ಮಗಳ ಮುಖ ಸರ್ರನೆ ತಿರುಗಿತು. ಇವಳ ಅಂಗೈ ಚುರುಗುಟ್ಟಿತು. ಮುಂದಿನ ಸಾಲಿನಲ್ಲಿ ಒಬ್ಬ ತೊಡೆ ತಟ್ಟಿಕೊಂಡು, "ಹಾಗಾಗ್ಬೇಕು! ಬಾಯಿ ಜಾಸ್ತಿ ಆಯ್ತು ಅವಳ್ದು" ಎಂದ. ಅವನ ಪಕ್ಕದ ಹೆಂಗಸು ನಕ್ಕಳು. ಅವಳ ಪಕ್ಕದವಳು, "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ, ಬಿಡಿ" ಎಂದಳು. ಮಗಳು ಮಂಡಿಯೂರಿ ಆ ಮಾತು ಹೇಳಿದಳು. ಏಟಮ್ಮ ಮೊದಲ ಸಲ ಆ ಮಾತಿಗೆ ಕಿವಿಗೊಟ್ಟಳು. ಸುಳ್ಳು ಹೇಳಿದವನು ನಿಂತಿದ್ದಾನೆ, ನಿಜ ಹೇಳಿದವಳು ನೆಲದ ಮೇಲಿದ್ದಾಳೆ, ಇವರೆಲ್ಲ ಚಪ್ಪಾಳೆ ತಟ್ಟುತ್ತಿದ್ದಾರೆ. ಹತ್ತೊಂಬತ್ತು ವರ್ಷ ಇದನ್ನೇ ಮಾಡಿಕೊಂಡು ಬಂದೆನಲ್ಲ, ನನ್ನ ಕೈಗೆ ಹುಳ ಬೀಳಲಿ, ಎಂದುಕೊಂಡಳು.

ಮಾರನೆ ಬೆಳಿಗ್ಗೆ ಅಣ್ಣ ಖಾಲಿ ರಂಗದ ಮೇಲೆ ಕೂತು ಹಲ್ಲುಕಡ್ಡಿ ಆಡಿಸುತ್ತಿದ್ದಾಗ ಹೋಗಿ ಎದುರು ನಿಂತಳು.

"ಅಣ್ಣ, ಆ ಏಟನ್ನ ತೆಗೆದುಬಿಡು."

"ಯಾವ ಏಟು?"

"ನಿನ್ನ ನಾಟಕದಲ್ಲಿ ಎಷ್ಟು ಏಟಿದೆ?"

ಅಣ್ಣ ಹಲ್ಲುಕಡ್ಡಿ ತೆಗೆದು ನೋಡಿದ, ಅದರ ತುದಿಯಲ್ಲಿ ತಂಗಿ ಸಿಕ್ಕಿಕೊಂಡಿದ್ದಾಳೋ ಎಂಬಂತೆ. "ತೆಗೆದ್ರೆ ಉಳಿಯೋದೇನೇ? ಜನ ಬರೋದೇ ಅದಕ್ಕೆ."

"ಅವನಿಗೆ ಅವತ್ತು ಜ್ವರ ಬಂದಿತ್ತೋ ಇಲ್ವೋ?"

"ಯಾರಿಗೆ?"

"ಆ ಹುಲಿ ಹೊಡೆದ ಮಹಾಶೂರನಿಗೆ."

"ಬಂದಿತ್ತು."

"ಸುಳ್ಳು ಬಿಟ್ಟೋನು ಅವನು, ಪೆಟ್ಟು ತಿಂದೋಳು ಇವಳು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ ಹಾಗಾಯ್ತಲ್ಲ. ಅವಳು ಹೇಳಿದ್ರಲ್ಲಿ ತಪ್ಪೇನಿದೆ?"

"ತಪ್ಪಿಲ್ಲ. ನಾಲ್ಕು ಜನ ಗಂಡಸರ ಮುಂದೆ ಹೇಳಿದ್ದು ತಪ್ಪು." ಅಣ್ಣ ಎದ್ದು ನಿಂತ. ಎದ್ದು ನಿಂತರೆ ಅವನಿಗೆ ದನಿ ತಾನಾಗಿ ರಂಗದ ದನಿಯಾಗುತ್ತಿತ್ತು. "ಇದು ಕ್ಲಾಸಿಕ್ ಕಣೆ. ದೊಡ್ಡವರು ಬರೆದಿಟ್ಟಿದ್ದು. ಒಂದಕ್ಷರ ಮುಟ್ಟೋ ಹಾಗಿಲ್ಲ."

"ಮುಟ್ಟೋ ಹಾಗಿಲ್ವಾ? ತೋಟದ ಹಾಡನ್ನ ಯಾರು ಕತ್ತರಿಸಿದ್ದು? ಕೊನೇ ಬಸ್ಸು ತಪ್ಪುತ್ತೆ ಅಂತ ನಾಲ್ಕನೇ ಅಂಕವನ್ನ ಇಡಿಯಾಗಿ ನುಂಗಿದ್ದು ಯಾರು? ಆ ಅತಿಥಿ ಕೈಗೆ ಮೊಬೈಲು ಕೊಟ್ಟು ಜೋಕು ಹೊಡೆಸ್ತೀಯಲ್ಲ, ಅದನ್ನೂ ದೊಡ್ಡವರೇ ಬರೆದಿಟ್ರಾ?"

"ಅದು ಬೇರೆ."

"ಹೇಗೆ ಬೇರೆ?"

"ಬೇರೆ ಅಂದ್ರೆ ಬೇರೆ." ಉತ್ತರ ಸಿಗದಿದ್ದಾಗ ಅಣ್ಣ ನಗುತ್ತಿದ್ದ. ಈಗಲೂ ನಕ್ಕ. "ಹೆತ್ತವರಿಗೆ ಹೆಗ್ಗಣ ಮುದ್ದು. ಇಷ್ಟು ದಿನ ಊರ ಹೆಣ್ಣುಮಕ್ಕಳ ಕೆನ್ನೆ ಆಗಿದ್ದಾಗ ನಿನಗೇನೂ ಅನ್ನಿಸ್ಲಿಲ್ಲ, ಈಗ ನಿನ್ನ ಮಗಳದಾದ ತಕ್ಷಣ ಜ್ಞಾನೋದಯ ಆಯ್ತು. ಕೈಗೆ ವಯಸ್ಸಾಗಿದ್ರೆ ಹೇಳು, ತಟ್ಟೋಕೆ ಚರ್ಮದ ಪಟ್ಟಿ ತರಿಸ್ತೀನಿ."

ಅವನು ಹೇಳಿದ್ದು ನಿಜವಾಗಿತ್ತು. ಅದೇ ಹೆಚ್ಚು ಉರಿಸಿತು. ಹೌದು, ಊರ ಹೆಣ್ಣುಮಕ್ಕಳ ಕೆನ್ನೆಯಾಗಿದ್ದಾಗ ತನಗೆ ಏನೂ ಅನಿಸಲಿಲ್ಲ. ಆ ಮಧ್ಯಾಹ್ನ ಇಸ್ತ್ರಿ ಪೆಟ್ಟಿಗೆಯನ್ನು ಅಣ್ಣನ ನಿಲುವಂಗಿಯ ಮೇಲೆ ಒತ್ತಿ ಹಿಡಿದು ಒಂದು ಕ್ಷಣ ಹಾಗೇ ಬಿಡೋಣವೇ ಎನ್ನಿಸಿತು. ಬಿಡಲಿಲ್ಲ. ರೇಷ್ಮೆ ಏನು ತಪ್ಪು ಮಾಡಿದೆ?

ಗುರುವಾರದ ಆಟಕ್ಕೆ ಅವಳು ಒಂದು ನಿರ್ಧಾರ ಮಾಡಿಕೊಂಡು ಹೋದಳು. ತಟ್ಟುವುದಿಲ್ಲ. ಸದ್ದಿಲ್ಲದಿದ್ದರೆ ಅದು ಏಟೇ ಅಲ್ಲ, ಸೊಳ್ಳೆ ಓಡಿಸುವ ಕೈ. ಆಡಿಕೊಂಡು ನಗಲಿ ಜನ, ನಾಲ್ಕು ಸಲ ನಕ್ಕರೆ ಅಣ್ಣ ತಾನಾಗಿ ಏಟನ್ನು ಕಿತ್ತುಹಾಕುತ್ತಾನೆ. ಯಾರಿಗೂ ಹೇಳಲಿಲ್ಲ, ಮಗಳಿಗೂ. ಏಟಮ್ಮ ಮಾಡಿದ ತಪ್ಪು ಅದು.

ಅತಿಥಿಗಳು ಹೋದರು. ಅಣ್ಣನ ಮೊಣಕೈ ಹಿಂದಕ್ಕೆ ಹೋಯಿತು, ನಿಂತಿತು, ಹೊರಟಿತು. ಏಟಮ್ಮ ಎರಡೂ ಕೈಗಳನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡು ನಿಂತಳು. ಅಣ್ಣನ ಕೈ ಬರೀ ಗಾಳಿಯನ್ನು ಬೀಸಿ ದಾಟಿತು. ಮಗಳ ಮುಖ ತಿರುಗಿತು. ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಏಟಮ್ಮನ ಎದೆಯಲ್ಲಿ ಖುಷಿ ಉಕ್ಕಿತು.

ದಾಟಿಹೋದ ಕೈ ಹಾಗೇ ಹಿಂದಕ್ಕೆ ಬಂತು. ಈ ಸಲ ಅಂಗೈಯಲ್ಲ, ಹಿಂಗೈ. ಗೇಣಿನ ಲೆಕ್ಕವೂ ಇಲ್ಲ. ಅದು ಮಗಳ ಕೆನ್ನೆಗೆ ಬಿದ್ದ ಸದ್ದು ಮೈಕಿನಲ್ಲಿ ಇಡೀ ಸಭೆಗೆ ಕೇಳಿತು. ಮಗಳು ಮಂಡಿಯೂರಲಿಲ್ಲ, ಬಿದ್ದಳು. ಬಿದ್ದಲ್ಲಿಂದಲೇ ತಡವರಿಸಿಕೊಂಡು ಎದ್ದು ತನ್ನ ಮಾತು ಹೇಳಿದಳು, ಅರ್ಧಕ್ಕೆ ದನಿ ಒಡೆಯಿತು. ಸಭೆ ಎದ್ದು ನಿಂತು ಶಿಳ್ಳೆ ಹಾಕಿತು. ಅಂಥ ಚಪ್ಪಾಳೆ ಆ ನಾಟಕಶಾಲೆ ಎಷ್ಟೋ ವರ್ಷದಿಂದ ಕೇಳಿರಲಿಲ್ಲ.

ಆಟ ಮುಗಿದ ಮೇಲೆ ಬಣ್ಣದ ಕೋಣೆಯಲ್ಲಿ ಮಗಳು ಒದ್ದೆ ಬಟ್ಟೆ ಕೆನ್ನೆಗೆ ಒತ್ತಿಕೊಂಡು ಕೂತಿದ್ದಳು. ಬಣ್ಣ ಒರೆಸಿದರೂ ಉಂಗುರದ ಗುರುತು ಹೋಗಲಿಲ್ಲ. ಅಣ್ಣ ಮದುವೆಗಂಡಿನ ಹಾಗೆ ಒಳಗೆ ಬಂದ.

"ನೋಡಿದ್ಯಾ ಸಭೆ ಹೇಗೆ ಎದ್ದು ನಿಂತಿತು! ನಿನ್ನ ಗಂಟಲು ಕಟ್ಟಿದ್ದಿದ್ಯಲ್ಲ, ಆಹಾ, ಅದು ತಾಲೀಮಲ್ಲಿ ಬರಲ್ಲ." ಸೋದರಸೊಸೆಯ ತಲೆ ಸವರಿದ. "ಇನ್ನು ಮೇಲೆ ಹೀಗೇ. ನಿಜವಾದ್ದಕ್ಕೆ ಇರೋ ಬೆಲೆ ನಾಟಕಕ್ಕಿಲ್ಲ." ಆಮೇಲೆ ತಂಗಿಯತ್ತ ತಿರುಗಿದ. ನಗು ಹೋಗಿತ್ತು. "ನೀನು ಇಸ್ತ್ರಿ ನೋಡ್ಕೋ. ನಿನ್ನ ಚಪ್ಪಾಳೆ ಋಣ ತೀರ್ತು. ಸೈಡ್‌ವಿಂಗ್ ಹತ್ರ ಕಂಡ್ಯೋ, ಪೆಟ್ಟಿಗೆ ಕಟ್ಟಬೇಕಾಗುತ್ತೆ."

ಅವನು ಹೋದ ಮೇಲೆ ಏಟಮ್ಮ ಮಗಳ ಕೆನ್ನೆ ಮುಟ್ಟಲು ಹೋದಳು. ಮಗಳು ಕೈ ತಳ್ಳಿದಳು.

"ಯಾಕಮ್ಮ ತಟ್ಟಲಿಲ್ಲ?"

"ಅವನು ಹೊಡೀತಾನೆ ಅಂತ ನಾನೇನು ಕನಸು ಕಂಡಿದ್ನಾ?"

"ನಿನ್ನ ಕೋಪ ತೀರಿಸ್ಕೊಳ್ಳೋಕೆ ನನ್ನ ಕೆನ್ನೆ ಬೇಕಿತ್ತಾ?"

ಏಟಮ್ಮ ಮಗಳ ಮುಂದೆ ಕುಕ್ಕುರುಗಾಲಲ್ಲಿ ಕೂತು, "ಆ ಪಾತ್ರ ಬಿಟ್ಟುಬಿಡೇ. ಕೈಮುಗೀತೀನಿ," ಎಂದಳು.

"ಆರು ವರ್ಷ ಹೂಜಿ ಹೊತ್ತಿದ್ದೀನಿ. ಅವರ್ಯಾರಿಗೂ ನನ್ನ ದನಿ ಹೇಗಿದೆ ಅಂತ ಗೊತ್ತಿರಲಿಲ್ಲ, ಈಗ ಗೊತ್ತಾಗಿದೆ. ಬಿಡಲ್ಲ. ಹೊಡೀಲಿ." ಮಗಳು ಎದ್ದು ನೀಲಿ ಉಡುಪನ್ನು ತಾಯಿಯ ತೋಳ ಮೇಲೆ ಎಸೆದಳು. "ಬಿಟ್ರೆ ಎಲ್ಲಿಗೆ ಹೋಗೋಣ ಹೇಳು. ನಾವು ಮಲಗೋ ರೂಮೂ ಮಾವನದ್ದೇ." ಆ ರಾತ್ರಿಯಿಂದ ತಾಯಿಯ ಜೊತೆ ಮಾತು ಬಿಟ್ಟಳು.

ಶುಕ್ರವಾರ ಮಧ್ಯಾಹ್ನ ಏಟಮ್ಮ ಟಿಕೆಟ್ ಕಿಟಕಿಗೆ ಹೋದಳು. ಅಲ್ಲಿ ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ಮೂರಡಿ ಅಗಲದ ಗೂಡಿನಲ್ಲಿ ಕೂತು ಶನಿವಾರದ ಆಟದ ಟಿಕೆಟ್ ಹರಿದು ಕೊಡುತ್ತಿದ್ದಳು. ಒಂದು ಕಾಲದಲ್ಲಿ ಆ ಹೆಂಡತಿಯ ಪಾತ್ರ ಅವಳದೇ. ಮೈ ಬಂದ ಮೇಲೆ ಅಣ್ಣ ಅವಳನ್ನು ರಂಗದಿಂದ ಇಳಿಸಿ ಈ ಗೂಡಿನೊಳಗೆ ತುರುಕಿದ್ದ. ಅತ್ತಿಗೆಗೆ ಯಾರ ಮೇಲೂ ಪ್ರೀತಿ ಉಳಿದಿರಲಿಲ್ಲ, ಆದರೆ ಅಣ್ಣನಿಗೆ ಬುದ್ಧಿ ಹೇಳಬಲ್ಲವರು ಬೇರೆ ಯಾರೂ ಇರಲಿಲ್ಲ.

"ನೀವಾದ್ರೂ ಹೇಳಿ ಅತ್ತಿಗೆ. ಮಗು ಕೆನ್ನೆ ಊದಿದೆ."

"ನಾನು ಹೇಳಿದ್ರೆ ಕೇಳೋ ಹಾಗಿದ್ರೆ ಈ ಗೂಡಲ್ಲಿ ಯಾಕೆ ಕೂತಿರ್ತಿದ್ದೆ?" ಅತ್ತಿಗೆ ಟಿಕೆಟ್ ಪುಸ್ತಕದಿಂದ ಕಣ್ಣೆತ್ತಲಿಲ್ಲ. "ನೀನು ಬರೋಕ್ಕಿಂತ ಮುಂಚೆ ನಾಲ್ಕು ವರ್ಷ ಆ ಪಾತ್ರ ಮಾಡ್ದೆ ನಾನು. ಆಗ ಸೈಡ್‌ವಿಂಗಲ್ಲಿ ಯಾರು ತಟ್ತಿದ್ರು?"

ಏಟಮ್ಮ ಯೋಚಿಸಿದಳು. ಹತ್ತೊಂಬತ್ತು ವರ್ಷದಲ್ಲಿ ಅದನ್ನು ಕೇಳಬೇಕು ಎಂದೇ ಅವಳಿಗೆ ತೋಚಿರಲಿಲ್ಲ.

"ಯಾರೂ ಇರಲಿಲ್ಲ," ಎಂದಳು ಅತ್ತಿಗೆ. ತುಟಿ ಎಳೆದು ಎಡಗಡೆಯ ಹಿಂಭಾಗ ತೋರಿಸಿದಳು. ಎರಡು ದವಡೆಹಲ್ಲು ಇರಲಿಲ್ಲ. "ವಾರಕ್ಕೆ ನಾಲ್ಕು ಆಟ. ಲೆಕ್ಕ ಹಾಕ್ಕೋ. ನೀನು ಮಗು ಎತ್ಕೊಂಡು ಬಂದು ನಿಂತ್ಯಲ್ಲ, ಅವತ್ತು ಇವರ ಕಾಲು ಹಿಡಿದೆ. ಇವಳಿಗೊಂದು ಕೆಲಸ ಕೊಡಿ, ಸದ್ದು ಇವಳು ಮಾಡ್ಲಿ, ಮೈಕಲ್ಲಿ ಇನ್ನೂ ಜೋರಾಗಿ ಕೇಳುತ್ತೆ ಅಂತ. ನಾದಿನಿ ಮೇಲಿನ ಅಕ್ಕರೆ ಅಂದ್ಕೊಂಡಿದ್ಯಾ?"

"ಅದನ್ನ ಹತ್ತೊಂಬತ್ತು ವರ್ಷ ಬಾಯಿಗೆ ಬೀಗ ಹಾಕ್ಕೊಂಡು ಇಟ್ಕೊಂಡಿದ್ರಾ!"

"ನೀನು ಕೇಳಿದ್ಯಾ? ಚಪ್ಪಾಳೆ ಬಿದ್ರೆ ಹಲ್ಲು ಕಿರೀತಾ ನಿಂತಿರ್ತಿದ್ದೆ. ನೀನು ತಟ್ಟಿದಷ್ಟು ದಿನ ನನ್ನ ಕೆನ್ನೆ ಉಳೀತು, ನನ್ನ ನಂತರ ಬಂದೋರದ್ದೂ ಉಳೀತು. ನಿನ್ನೆ ಪೌರುಷ ತೋರ್ಸೋಕೆ ಹೋಗಿ ಹೆತ್ತ ಮಗಳ ಕೆನ್ನೆ ಒಪ್ಪಿಸಿ ಬಂದೆ."

ಅಷ್ಟರಲ್ಲಿ ಕಿಟಕಿಗೆ ಒಬ್ಬ ತಲೆ ತೂರಿಸಿದ. "ಏಟಿನ ನಾಟಕಕ್ಕೆ ಎರಡು ಕೊಡಿ. ಈಗ ನಿಜವಾಗ್ಲೂ ಹೊಡೀತಾರಂತಲ್ಲ?" ಎಂದು ಹಲ್ಲು ಬಿಟ್ಟ. ಅತ್ತಿಗೆ ಎರಡು ಟಿಕೆಟ್ ಹರಿದು ಕೊಟ್ಟಳು. ಅವನ ಹಿಂದೆ ಸಾಲು ಬೆಳೆದಿತ್ತು. ಮೇಲಿನಿಂದ ಮೀಸೆಯ ಮಹಾನುಭಾವ ಗಲ್ಲಕ್ಕೆ ಬೆರಳಿಟ್ಟು ಎಲ್ಲರನ್ನೂ ನೋಡುತ್ತಿದ್ದ. ಏಟಮ್ಮನಿಗೆ ಆ ಪಟ ಕಿತ್ತು ಅವನ ಮೀಸೆಗೆ ಮಸಿ ಬಳಿಯಬೇಕೆನ್ನಿಸಿತು.

ಮಹಡಿಯ ಮೆಟ್ಟಿಲ ಮೇಲೆ ಕೂತು ಅವಳು ಸಿಕ್ಕಸಿಕ್ಕವರನ್ನೆಲ್ಲ ಬೈದಳು. ಅಣ್ಣನನ್ನು, ಅತ್ತಿಗೆಯನ್ನು, ತೊಡೆ ತಟ್ಟಿಕೊಂಡವನನ್ನು, ಪಕ್ಕದಲ್ಲಿ ನಕ್ಕವಳನ್ನು. ಕೊನೆಗೆ ಉಳಿದದ್ದು ತನ್ನ ಎರಡು ಅಂಗೈ. ಅವನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದಳು. ತಟ್ಟಿದರೆ ಆ ಸುಡುಗಾಡು ಮಾತಿಗೆ ತಾನೂ ತಾಳ ಹಾಕಿದಂತೆ. ತಟ್ಟದಿದ್ದರೆ ಮಗಳಿಗೆ ಪೆಟ್ಟು. ಇವೆರಡನ್ನು ಬಿಟ್ಟು ಮೂರನೆಯದಿಲ್ಲವೇ? ಬಹಳ ಹೊತ್ತು ಕೂತ ಮೇಲೆ ಹೊಳೆಯಿತು. ಸದ್ದು ಏಟಿಗಿಂತ ಮೊದಲೇ ಆಗಿಹೋದರೆ? ಕೈ ಇನ್ನೂ ಮೇಲಿರುವಾಗಲೇ ಏಟು ಮುಗಿದರೆ? ಮುಗಿದ ಏಟನ್ನು ಮತ್ತೆ ಹೊಡೆಯಲು ಬರುವುದಿಲ್ಲ. ಕಸುಬಿನವಳಿಗೆ ಮಾತ್ರ ಹೊಳೆಯುವ ಉಪಾಯ ಅದು.

ಈ ಸಲ ಮಗಳಿಗೆ ಹೇಳಿದಳು. ಶನಿವಾರ ಮಧ್ಯಾಹ್ನ ನೀಲಿ ಉಡುಪಿನ ಬೆನ್ನ ಹುಕ್ಕು ಹಾಕುತ್ತ ಅವಳ ಹಿಂದಿನಿಂದಲೇ, "ನನ್ನ ಸದ್ದು ಕೇಳಿದ ತಕ್ಷಣ ಒಂದು ಹೆಜ್ಜೆ ಹಿಂದಕ್ಕೆ ಹೋಗು. ಅವನ ಕೈ ನೋಡ್ಬೇಡ," ಎಂದಳು. ಮಗಳು ಕನ್ನಡಿಯಲ್ಲಿ ತಾಯಿಯನ್ನು ಒಮ್ಮೆ ನೋಡಿ, ಊದಿದ ಕಡೆಗೆ ಇನ್ನಷ್ಟು ಬಣ್ಣ ಹಚ್ಚಿಕೊಂಡಳು.

ಸಭೆ ಕಿಕ್ಕಿರಿದಿತ್ತು. ಅತಿಥಿಗಳ ದೃಶ್ಯ ಶುರುವಾದಾಗ ಏಟಮ್ಮ ಇಸ್ತ್ರಿ ಕೋಣೆಯಿಂದ ಬರಿಗಾಲಲ್ಲಿ ಬಂದು ಕಪ್ಪು ಪರದೆಯ ಹಿಂದೆ ನಿಂತಳು. ಅತಿಥಿಗಳು ಹೊರಬೀಳುವ ದಾರಿ ಎದುರು ದಿಕ್ಕಿನದು, ಅವಳನ್ನು ಯಾರೂ ಕಾಣಲಿಲ್ಲ. ಜನ ಕುರ್ಚಿಯ ತುದಿಗೆ ಬಂದು ಕೂತಿದ್ದರು. ಕೆಲವರು ಮೊಬೈಲು ಎತ್ತಿ ಹಿಡಿದಿದ್ದರು. ಒಂದು ಹೆಣ್ಣಿಗೆ ಪೆಟ್ಟು ಬೀಳುವುದನ್ನು ನೋಡಲು ಸ್ನಾನ ಮಾಡಿ, ತಲೆ ಬಾಚಿಕೊಂಡು, ಮಕ್ಕಳನ್ನೂ ಕರೆದುಕೊಂಡು ಬಂದಿದ್ದರು.

ಅಣ್ಣನ ಮೊಣಕೈ ಹಿಂದಕ್ಕೆ ಸರಿಯತೊಡಗಿತು. ಅದು ನಿಲ್ಲುವ ಮೊದಲೇ ಏಟಮ್ಮ ತಟ್ಟಿದಳು. ಫಟಾರ್.

ಮಗಳು ಒಂದು ಹೆಜ್ಜೆ ಹಿಂದಕ್ಕೆ ಹೋದಳು. ಅಣ್ಣನ ಕೈ ಹೆಗಲಿನ ಎತ್ತರದಲ್ಲಿ ಹಾಗೇ ನಿಂತಿತು. ಏಟು ಕೇಳಿಬಿಟ್ಟಿತ್ತು, ಕೈ ಇನ್ನೂ ಹೊರಟೇ ಇರಲಿಲ್ಲ. ಸಭೆಯಲ್ಲಿ ಯಾರೋ ಪಕ್ಕನೆ ನಕ್ಕರು. ಅಣ್ಣ ಕಣ್ಣು ಕೆಕ್ಕರಿಸಿ ಒಂದು ಹೆಜ್ಜೆ ಮುಂದಿಟ್ಟು ಮತ್ತೆ ಕೈ ಹಿಂದೆ ಎಳೆದ. ಫಟಾರ್. ಮಗಳು ಮತ್ತೊಂದು ಹೆಜ್ಜೆ ಹಿಂದೆ. ನಗು ಹರಡಿತು. ಮೂರನೆಯ ಸಲ ಅವನು ಮೂಗು ತುರಿಸಲೆಂದೋ ಏನೋ ಕೈ ಎತ್ತಿದ, ಅದಕ್ಕೂ ಫಟಾರ್.

"ಹುಲಿ ಹೊಡೆದ ಕೈ ಅಲ್ವಾ," ಎಂದು ಹಿಂದಿನಿಂದ ಒಬ್ಬ ಕೂಗಿದ, "ದೂರದಿಂದ್ಲೇ ತಾಗುತ್ತೆ!"

ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ನೂರು ವರ್ಷದಿಂದ ಆ ಹೆಂಡತಿಯನ್ನು ನೋಡಿ ನಗುತ್ತಿದ್ದ ಜನ ಮೊದಲ ಸಲ ಗಂಡನನ್ನು ನೋಡಿ ನಕ್ಕರು. ಮಗಳ ತುಟಿಯಂಚಿನಲ್ಲೂ ನಗು ಮೂಡಿದ್ದನ್ನು ಏಟಮ್ಮ ಸಂದಿಯಿಂದ ಕಂಡಳು. ಸಾಕು, ಇಷ್ಟು ಸಾಕು ನನಗೆ, ಎಂದುಕೊಂಡಳು.

ಅಣ್ಣ ನಗಲಿಲ್ಲ. ಬಣ್ಣದ ಅಡಿಯಲ್ಲಿ ಅವನ ಮುಖ ಕಪ್ಪಿಟ್ಟಿತು. ಹೆಂಡತಿಯನ್ನು ಬಿಟ್ಟು ತಿರುಗಿ, ನಾಲ್ಕು ದಾಪುಗಾಲಿನಲ್ಲಿ ಸೈಡ್‌ವಿಂಗಿಗೆ ಬಂದು ಪರದೆಯ ಹಿಂದೆ ಹೊಕ್ಕ. ಏಟಮ್ಮನಿಗೆ ಕೈ ಅಡ್ಡ ತರಲೂ ಪುರುಸೊತ್ತಾಗಲಿಲ್ಲ. ಅವಳು ಇಷ್ಟು ವರ್ಷ ಸಾವಿರಾರು ಸಲ ಮಾಡಿದ ಸದ್ದು ಹೇಗಿರುತ್ತದೆಂದು ಆಗ ಗೊತ್ತಾಯಿತು. ತಲೆಯೊಳಗೆ ಅದು ಫಟಾರ್ ಎಂದು ಕೇಳುವುದಿಲ್ಲ. ದೊಡ್ಡ ಬಾಗಿಲೊಂದು ಮುಚ್ಚಿಕೊಂಡಂತಾಗುತ್ತದೆ, ಆಮೇಲೆ ಬಾಯಲ್ಲಿ ರಕ್ತದ ರುಚಿ ಬರುತ್ತದೆ. ಗೋಡೆಗೆ ಒರಗಿ ಬೀಳದೆ ನಿಂತಳು.

"ನನ್ನ ಅನ್ನ ತಿಂದು," ಎಂದು ಹಲ್ಲು ಕಡಿದ ಅಣ್ಣ, ಅಷ್ಟೇ. ನಿಲುವಂಗಿ ಸರಿಮಾಡಿಕೊಂಡು ರಂಗಕ್ಕೆ ಮರಳಿದ.

ಹೊರಗೆ ಚಪ್ಪಾಳೆ ಭೋರ್ಗರೆಯುತ್ತಿತ್ತು. ಪರದೆಯ ಹಿಂದೆ ಕೇಳಿದ ನಾಲ್ಕನೆಯ ಏಟು ತಮಾಷೆಯ ತುತ್ತತುದಿ ಎಂದುಕೊಂಡು ಜನ ಎದ್ದು ನಿಂತು ತಟ್ಟುತ್ತಿದ್ದರು. ಅಣ್ಣ ಅದನ್ನು ತನ್ನದಾಗಿಸಿಕೊಂಡು ಎದೆ ಸೆಟೆಸಿ ನಿಂತ. ಮಗಳ ಮಾತಿಗಾಗಿ ಕಾದ. ಅವಳು ಈಗ ಮಂಡಿಯೂರಬೇಕಿತ್ತು.

ಮಗಳು ಊರಲಿಲ್ಲ. ಮೂರು ವರ್ಷದವಳಿದ್ದಾಗಿನಿಂದ ಆ ಸೈಡ್‌ವಿಂಗಿನ ಬಟ್ಟೆ ಗಂಟುಗಳ ಮೇಲೆ ಮಲಗಿ ಬೆಳೆದವಳು ಅವಳು. ತಾಯಿಯ ಎರಡು ಅಂಗೈ ಸೇರಿದ ಸದ್ದು ಯಾವುದು, ಒಂದು ಕೈ ಮುಖಕ್ಕೆ ಬಿದ್ದ ಸದ್ದು ಯಾವುದು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವಳು ಮಾವನನ್ನು ದಾಟಿಕೊಂಡು ನಡೆದು, ಕಪ್ಪು ಪರದೆಯನ್ನು ಎರಡು ಕೈಯಲ್ಲಿ ಹಿಡಿದು ಪೂರಾ ಪಕ್ಕಕ್ಕೆ ಎಳೆದಳು. ರಂಗದ ಬೆಳಕು ಒಳಗೆ ನುಗ್ಗಿತು.

ಸಭೆಗೆ ಒಬ್ಬ ನಡುವಯಸ್ಸಿನ ಹೆಂಗಸು ಕಂಡಳು. ಬರಿಗಾಲು, ಎದೆಯ ಮೇಲೆ ಸೆರಗಿಗೆ ಚುಚ್ಚಿಕೊಂಡ ನಾಲ್ಕು ಸೂಜಿ, ಕೆನ್ನೆಯ ಮೇಲೆ ಕೈ, ಗದ್ದದ ತನಕ ಇಳಿದ ಒಂದೆಳೆ ರಕ್ತ.

"ಪರದೆ ಹಾಕೇ," ಎಂದು ಅಣ್ಣ ತುಟಿ ಅಲುಗಿಸದೆ ಗುರುಗುಟ್ಟಿದ. ಮಗಳು ಪರದೆಯನ್ನು ಹಿಡಿದುಕೊಂಡೇ ನಿಂತಳು.

ಏಟಮ್ಮನಿಗೆ ಮೊದಲು ತೋಚಿದ್ದು ಬಗ್ಗಿ ಕತ್ತಲೆಗೆ ಸರಿಯುವುದು. ಕಾಣಿಸಿಕೊಳ್ಳದಿರುವುದೇ ಅವಳ ಕೆಲಸವಾಗಿತ್ತಲ್ಲ. ಕಾಲು ಒಂದು ಇಂಚು ಹಿಂದಕ್ಕೆ ಹೋಯಿತು ಕೂಡ. ಆಮೇಲೆ ನಿಂತಳು. ಕೆನ್ನೆಯ ಮೇಲಿನ ಕೈಯನ್ನು ತೆಗೆದಳು, ಐದು ಬೆರಳಿನ ಗುರುತು ಎಲ್ಲರಿಗೂ ಕಾಣಲಿ ಎಂದು.

ಮುಂದಿನ ಸಾಲಿನ ಚಪ್ಪಾಳೆ ನಿಂತಿತು. ಎರಡನೆಯ ಸಾಲಿನದು ನಿಂತಿತು. ಎತ್ತಿ ಹಿಡಿದ ಮೊಬೈಲುಗಳು ಒಂದೊಂದಾಗಿ ಕೆಳಗಿಳಿದವು.

"ಇವರು ನಮ್ಮಮ್ಮ," ಎಂದಳು ಮಗಳು. ಆ ದನಿ ನಾಟಕದ್ದಾಗಿರಲಿಲ್ಲ, ಆದರೂ ಕೊನೆಯ ಸಾಲಿನ ತನಕ ಕೇಳಿತು. "ಇದಕ್ಕೂ ತಟ್ತೀರಾ?"

ಹಿಂದೆಲ್ಲೋ ಕಂಬದ ಮರೆಗೆ ಕೂತು ಏನೂ ಕಾಣದ ಒಬ್ಬ ಮಾತ್ರ ಇನ್ನೂ ಚಪ್ಪಾಳೆ ತಟ್ಟುತ್ತಲೇ ಇದ್ದ. ಅವನ ಪಕ್ಕದಲ್ಲಿ ಕೂತಿದ್ದ ಹೆಂಗಸು ಅವನ ಮಣಿಕಟ್ಟು ಹಿಡಿದು ನಿಲ್ಲಿಸಿದಳು.